ಪಾತಾಳದಲ್ಲಿ ಆಕಾಶದ ಶೋಧ

ಗೋಕಾಕ ಜಲಪಾತದ ನೆತ್ತಿಯ ಮೇಲೆ ನಿಂತು ಕಮರಿಯನ್ನು ನೋಡಿದಾಗ, ಅರಭಾವಿಯ ಕಡೆಯ ನಮಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅದರ ಆಳ ಸುಮಾರು 170 ಅಡಿ. ಅಂಥ ನಲವತ್ತನಾಲ್ಕು ಕಮರಿಗಳನ್ನು ಒಂದರ ಕೆಳಗೊಂದು ಜೋಡಿಸಿದಷ್ಟು ಆಳದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ನಮ್ಮ ವಿಜ್ಞಾನಿಗಳು ಆಕಾಶವನ್ನು ಅಭ್ಯಸಿಸಿದರು.

ಆಕಾಶವನ್ನರಿಯಲು ಬೆಟ್ಟವನ್ನೇರುವುದು ಸಹಜ, ಪಾತಾಳಕ್ಕೇಕೆ ಇಳಿಯಬೇಕು? ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್, ನ್ಯೂಟ್ರಿನೊ ಎಂಬ ಕಣಗಳು ಹುಟ್ಟುತ್ತವೆ. ಮ್ಯೂಆನುಗಳದು ಜಾತ್ರೆಯ ಗದ್ದಲ, ನ್ಯೂಟ್ರಿನೊದ್ದು ಪಿಸುಮಾತು. ಬಂಡೆಯು ಗದ್ದಲವನ್ನು ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ಭೂಮಿಯನ್ನೇ ತೂರಿ ಹೋಗಬಲ್ಲದು.

ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1951ರಲ್ಲಿ ಈ ಗಣಿಗಳಲ್ಲಿ ಅಳತೆಯನ್ನಾರಂಭಿಸಿದರು. ಮುಂದೆ, ಅರುವತ್ತರ ದಶಕದ ಮೊದಲಲ್ಲಿ, 2,760 ಮೀಟರ್ ಆಳದಲ್ಲಿಟ್ಟ ಉಪಕರಣವು ಎರಡು ತಿಂಗಳು ಕಾದರೂ ಒಂದು ಮ್ಯೂಆನನ್ನೂ ಕಾಣಲಿಲ್ಲ. ಅನ್ಯರಿಗೆ ವೈಫಲ್ಯವೆನಿಸಬಹುದಾದ ಈ ಶೂನ್ಯವೇ ಅವರಿಗೆ ಶುಭಶಕುನವಾಯಿತು: ಪಿಸುಮಾತನ್ನು ಕೇಳಲು ತಕ್ಕ ನಿಶ್ಶಬ್ದವಿರುವುದು ಇಲ್ಲಿಯೇ!

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯ ಕೈಗೂಡಿಸಿದವು. ಮೇನನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರು ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಪತ್ತೆಯಂತ್ರಗಳನ್ನು ನಿಲ್ಲಿಸಿದರು. ಅಷ್ಟು ಆಳಕ್ಕೆ ತಲುಪುವ ಅಲ್ಪಸ್ವಲ್ಪ ಮ್ಯೂಆನುಗಳು ನೆತ್ತಿಯ ಮೇಲಿನಿಂದಲೇ ಬರುತ್ತವೆ. ಆದ್ದರಿಂದ ಪಕ್ಕದಿಂದ ಅಡ್ಡಲಾಗಿ ಬಂದ ಕಣವು ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ ಕೂಸೇ ಆಗಿರಬೇಕು. 1965ರಲ್ಲಿ ಅಂಥ ಕಣಗಳು ಸಿಕ್ಕವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವೂ ಗೆದ್ದಿತು. ಕಂಡವರಲ್ಲಿ ಅವರು ಮೊದಲಿಗರು. ಆದರೆ ಅಚ್ಚಿನಲ್ಲಿ ಕೋಲಾರದ ವರದಿ ಎರಡು ವಾರ ಮುಂದಾಯಿತು.

ಈ ಕೀರ್ತಿಯ ಹಿಂದೆ ಕಾದ ಬಂಡೆಯ ಸೆಕೆಯಿತ್ತು, ಮುನ್ಸೂಚನೆಯಿಲ್ಲದೆ ಸಿಡಿಯುವ ಕಲ್ಲಿನ ಭಯವಿತ್ತು. ಆ ಸುರಂಗಗಳನ್ನು ಕೊರೆದವರು ವಿಜ್ಞಾನಿಗಳಲ್ಲ. ತಲೆಮಾರುಗಳಿಂದ ಪ್ರಾಣವನ್ನೊತ್ತೆಯಿಟ್ಟು ದುಡಿದ ಕಾರ್ಮಿಕರು. ವಿಜ್ಞಾನದ ಚರಿತ್ರೆಯಲ್ಲಿ ಅವರ ಹೆಸರುಗಳಿಲ್ಲ.

1980ರ ಹೊತ್ತಿಗೆ, ಪ್ರೋಟಾನ್ ಕಣಕ್ಕೂ ಮರಣವುಂಟೆ ಎಂದು ಪರೀಕ್ಷಿಸಲು 140 ಟನ್ನಿನ ಪತ್ತೆಯಂತ್ರವು ಅಲ್ಲಿ ನೆಲೆಗೊಂಡಿತು. ಕೆಲವು ಸುಳಿವುಗಳು ಕಂಡವಾದರೂ ಬೇರೆ ದೇಶಗಳ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಚಿನ್ನದ ಲೆಕ್ಕದಲ್ಲಿ ಅದು ನಷ್ಟದ ಗಣಿ. ಆದರೆ ನಾಡು ಅಲ್ಲಿಂದ ಪಡೆದುದು ಚಿನ್ನವನ್ನಷ್ಟೇ ಅಲ್ಲವೆಂಬುದನ್ನು ನಾವು ಮರೆಯಬಾರದು.