ಒಂದು ಏರ್‌ಪೋರ್ಟ್‌ನಲ್ಲಿ ಬಿಟ್ಟ ಬಾಟಲಿ ಇನ್ನೊಂದರಲ್ಲಿ ಕಸದ ಬುಟ್ಟಿಗೆ ಯಾಕೆ?

ವಿಮಾನದಲ್ಲಿ ಇನ್ಮುಂದೆ ಎರಡು ಲೀಟರ್ ನೀರು ಒಯ್ಯಬಹುದಂತೆ. ಶೂ ಬಿಚ್ಚುವ ಕಾಟ ತಪ್ಪಿತಂತೆ. ಪವರ್ ಬ್ಯಾಂಕ್ ಬ್ಯಾನ್ ಆಯ್ತಂತೆ. ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಫಾರ್ವರ್ಡ್‌ಗಳು ಬರುತ್ತಲೇ ಇರುತ್ತವೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಜರ್ಮನಿಗೋ ಹೊರಟ ಅಪ್ಪ ಅಮ್ಮ ಇವನ್ನು ನಂಬಿಯೇ ಬ್ಯಾಗ್ ತುಂಬುತ್ತಾರೆ.

ಈ ಮೂರೂ ಸಂದೇಶಗಳು ಪೂರ್ತಿ ಸುಳ್ಳಲ್ಲ. ಆದರೆ ಒಂದೊಂದೂ ಒಂದೊಂದು ದೇಶದ್ದು. ಎರಡು ಲೀಟರ್ ಸುದ್ದಿ ಬ್ರಿಟನ್ನಿನ ಕೆಲವು ಏರ್‌ಪೋರ್ಟ್‌ಗಳದ್ದು, ಶೂ ಸುದ್ದಿ ಅಮೆರಿಕದ್ದು. ಪವರ್ ಬ್ಯಾಂಕ್ ಸುದ್ದಿ ಚೀನಾದ್ದು, ಅದೂ ಅಲ್ಲಿನ ದೇಶದೊಳಗಿನ ವಿಮಾನಗಳಿಗೆ, ಅದೂ 3ಸಿ ಗುರುತು ಇಲ್ಲದ ಪವರ್ ಬ್ಯಾಂಕ್‌ಗಳಿಗೆ ಮಾತ್ರ. ಫಾರ್ವರ್ಡ್ ಆಗುತ್ತಾ ಆಗುತ್ತಾ ಊರಿನ ಹೆಸರು ಮತ್ತು ತಾರೀಖು ಉದುರಿಹೋಗುತ್ತವೆ. ಸೆಕ್ಯುರಿಟಿ ಚೆಕ್ ವಿಷಯದಲ್ಲಿ ಆ ಎರಡೇ ಮುಖ್ಯ.

ನಿಯಮ ಮಾಡುವವರು ಯಾರು?

ವಿಶ್ವಸಂಸ್ಥೆಯ ಅಂಗವಾದ ಐಸಿಎಒದಲ್ಲಿ 193 ದೇಶಗಳಿವೆ. ಅದರ 17ನೇ ಅನುಬಂಧ ಎಂಬ ದಾಖಲೆ ವಿಮಾನಯಾನದ ಭದ್ರತೆಗೆ ಕನಿಷ್ಠ ಮಟ್ಟವನ್ನು ಹೇಳುತ್ತದೆ. ಪ್ರಯಾಣಿಕರನ್ನೂ ಅವರ ಕೈಚೀಲವನ್ನೂ ತಪಾಸಣೆ ಮಾಡಲೇಬೇಕು ಎನ್ನುವುದು ಅದರಲ್ಲಿದೆ. ಯಾವ ಯಂತ್ರದಿಂದ ಮಾಡಬೇಕು, ಮೈ ಮುಟ್ಟಿ ನೋಡಬೇಕೋ ಬೇಡವೋ ಎನ್ನುವುದನ್ನು ಆಯಾ ದೇಶವೇ ತೀರ್ಮಾನಿಸುತ್ತದೆ. ನಮ್ಮಲ್ಲಿ ನಿಯಮ ಮಾಡುವುದು ಬಿಸಿಎಎಸ್, ಅಂದರೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಅದನ್ನು ಜಾರಿ ಮಾಡುವುದು ಸಿಐಎಸ್ಎಫ್. ಅಮೆರಿಕದಲ್ಲಿ ಟಿಎಸ್ಎ. ಯುರೋಪಿನಲ್ಲಿ ನಿಯಮ ಒಕ್ಕೂಟದ್ದು, ಹಲವೆಡೆ ಚೆಕ್ ಮಾಡುವ ಸಿಬ್ಬಂದಿ ಖಾಸಗಿ ಕಂಪನಿಯವರು.

ಪ್ರತಿ ದೇಶದ ಪದ್ಧತಿಯ ಹಿಂದೆ ಆ ದೇಶಕ್ಕೆ ತಗುಲಿದ ಒಂದು ಪೆಟ್ಟು ಇರುತ್ತದೆ. 1999ರ ಡಿಸೆಂಬರ್‌ನಲ್ಲಿ ಐಸಿ-814 ವಿಮಾನದ ಅಪಹರಣವಾಯಿತು. ಅದರ ಬೆನ್ನಿಗೇ, 2000ದ ಫೆಬ್ರವರಿಯಲ್ಲಿ, ಜೈಪುರದಿಂದ ಆರಂಭಿಸಿ ನಮ್ಮ ಏರ್‌ಪೋರ್ಟ್‌ಗಳ ಕಾವಲು ಸಿಐಎಸ್ಎಫ್ ಕೈಗೆ ಬಂತು. ಟಿಕೆಟ್ ತೋರಿಸದೆ ಟರ್ಮಿನಲ್ ಒಳಗೇ ಬಿಡದಿರುವುದು, ಕೈಯಲ್ಲಿ ಹಿಡಿದ ಡಿಟೆಕ್ಟರ್‌ನಿಂದ ಒಬ್ಬೊಬ್ಬರನ್ನೂ ಸವರಿ ನೋಡುವುದು, ಹೆಂಗಸರಿಗೆ ಪರದೆಯ ಮರೆ, ಇದೆಲ್ಲ ನಮಗೆ ಮಾಮೂಲು. ಯುರೋಪಿನ ಬಹಳಷ್ಟು ಕಡೆ ಯಾರು ಬೇಕಾದರೂ ಟರ್ಮಿನಲ್ ಒಳಗೆ ಹೋಗಿ ಕಾಫಿ ಕುಡಿದು ಬರಬಹುದು. ಡಿಜಿಯಾತ್ರಾ ಬಂದ ಮೇಲೆ ಗೇಟಿನಲ್ಲಿ ಸಾಲು ಬೇಗ ಸಾಗುತ್ತದೆ ನಿಜ, ಆದರೆ ಮುಖ ತೋರಿಸಿದ ಮಾತ್ರಕ್ಕೆ ಮೈ ತಪಾಸಣೆ ತಪ್ಪುವುದಿಲ್ಲ. ಇಸ್ರೇಲಿನ ಬೆನ್ ಗುರಿಯನ್‌ನಲ್ಲಿ ಯಂತ್ರಕ್ಕಿಂತ ಮೊದಲು ಪ್ರಶ್ನೆಗಳು ಎದುರಾಗುತ್ತವೆ. ಬ್ಯಾಗ್ ಕಟ್ಟಿದ್ದು ಯಾರು, ಎಲ್ಲಿ ಉಳಿದಿದ್ದಿರಿ ಎಂದು ಕೇಳುತ್ತಾರೆ.

ಅಮೆರಿಕದ ಶೂ ಕಥೆಯೂ ಹೀಗೇ. 2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಶೂ ಒಳಗಿನ ಬಾಂಬಿಗೆ ಬೆಂಕಿ ಹಚ್ಚಲು ನೋಡಿದ. 2006ರಿಂದ ಎಲ್ಲರೂ ಶೂ ಬಿಚ್ಚುವುದು ಕಡ್ಡಾಯವಾಯಿತು. 2025ರ ಜುಲೈನಲ್ಲಿ ಅದನ್ನು ಕೈಬಿಟ್ಟರು. ಅಲಾರಂ ಹೊಡೆದರೆ ಈಗಲೂ ಬಿಚ್ಚಿಸುತ್ತಾರೆ.

100 ಮಿ.ಲೀ. ಎಲ್ಲಿಂದ ಬಂತು?

2006ರ ಆಗಸ್ಟ್‌ನಲ್ಲಿ ಲಂಡನ್‌ನಿಂದ ಹೊರಡುವ ವಿಮಾನಗಳನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿದ ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾಯಿತು. ಹಳೆಯ ಎಕ್ಸ್-ರೇ ಯಂತ್ರ ಬ್ಯಾಗಿನ ಚಪ್ಪಟೆ ಚಿತ್ರವನ್ನಷ್ಟೇ ತೋರಿಸುತ್ತದೆ. ಅದರಲ್ಲಿ ನೀರಿಗೂ ಅಪಾಯದ ದ್ರವಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಹಾಗಾಗಿ ಗುರುತಿಸುವ ಬದಲು ಪ್ರಮಾಣವನ್ನೇ ಕಡಿಮೆ ಮಾಡಿದರು. ನೆನಪಿಡಿ, 100 ಮಿ.ಲೀ. ಎನ್ನುವುದು ಡಬ್ಬಿಯ ಅಳತೆ. 200 ಮಿ.ಲೀ. ಬಾಟಲಿಯ ತಳದಲ್ಲಿ ನಾಲ್ಕು ಚಮಚ ಎಣ್ಣೆ ಇದ್ದರೂ ಬಿಡುವುದಿಲ್ಲ. ತುಪ್ಪ, ಗೊಜ್ಜು, ಉಪ್ಪಿನಕಾಯಿ ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತವೆ.

ಈಗ ಬರುತ್ತಿರುವುದು ಸಿಟಿ ಸ್ಕ್ಯಾನರ್. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂತೆಯೇ ಇದು ಬ್ಯಾಗನ್ನು ಸುತ್ತಲಿನಿಂದ ನೋಡಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ, ಒಳಗಿರುವ ವಸ್ತುವಿನ ಸಾಂದ್ರತೆಯನ್ನೂ ಅಂದಾಜು ಮಾಡುತ್ತದೆ. ಇಂಥ ಯಂತ್ರವಿದ್ದಲ್ಲಿ ಲ್ಯಾಪ್‌ಟಾಪ್ ಹೊರಗೆ ತೆಗೆಯಬೇಕಿಲ್ಲ. 2025ರ ಜುಲೈನಲ್ಲಿ ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್ ಏರ್‌ಪೋರ್ಟ್‌ಗಳು ಎರಡು ಲೀಟರ್ ತನಕದ ಬಾಟಲಿಗೆ ಅನುಮತಿ ಕೊಟ್ಟಿದ್ದು ಇದರಿಂದಲೇ.

ಆದರೆ ಈ ಹಾದಿ ನೇರವಾಗಿಲ್ಲ. ಬ್ರಿಟನ್ನಿನ ಕೆಲವು ಸಣ್ಣ ಏರ್‌ಪೋರ್ಟ್‌ಗಳು 2023ರಲ್ಲೇ 100 ಮಿ.ಲೀ. ಮಿತಿ ತೆಗೆದಿದ್ದವು. 2024ರ ಜೂನ್‌ನಲ್ಲಿ ಮತ್ತೆ ಹೇರಬೇಕಾಯಿತು. ಯುರೋಪಿನಲ್ಲೂ 2024ರ ಸೆಪ್ಟೆಂಬರ್ 1ರಿಂದ ಹಳೆಯ ಮಿತಿಯೇ ಮರಳಿತು, ತಾಂತ್ರಿಕ ಕಾರಣ ಎಂದರು. ಮುಂದಿನ ವರ್ಷ ಒಂದು ಮಾದರಿಯ ಯಂತ್ರಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿತು. ಅಂದರೆ ಒಂದೇ ಏರ್‌ಪೋರ್ಟ್, ಅದೇ ಯಂತ್ರ, ಆದರೂ ವರ್ಷದೊಳಗೆ ನಿಯಮ ಎರಡು ಸಲ ಬದಲಾದದ್ದಿದೆ. ಹಳೆಯ ಫಾರ್ವರ್ಡ್ ಮತ್ತೆ ಓಡಾಡಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ನಮ್ಮಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ದೆಹಲಿಗೋ ಹೊರಟರೆ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ಅದೇ ಬೆಂಗಳೂರಿನಿಂದ ದುಬೈಗೆ ಹೊರಟರೆ 100 ಮಿ.ಲೀ. ಮಿತಿ ಅನ್ವಯಿಸುತ್ತದೆ.

ನಿಜವಾಗಿ ಜನ ಸಿಕ್ಕಿಬೀಳುವುದು ವಿಮಾನ ಬದಲಿಸುವ ಕಡೆ. ಬೆಂಗಳೂರಿನಲ್ಲಿ ಚೆಕ್ ಮುಗಿಸಿ ಒಳಗಿನ ಅಂಗಡಿಯಲ್ಲಿ ನೀರು ಕೊಂಡಿರುತ್ತೀರಿ. ಫ್ರಾಂಕ್‌ಫರ್ಟ್‌ನಲ್ಲಿ ಮತ್ತೊಂದು ಚೆಕ್ ಆಗುತ್ತದೆ, ಅಲ್ಲಿ ಬಾಟಲಿ ಹೋಗುತ್ತದೆ. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ತಪಾಸಣೆ ತನ್ನದಕ್ಕೆ ಸಮ ಎಂದು ಯುರೋಪು ಒಪ್ಪಿಕೊಂಡಿದೆ. ಭಾರತದಿಂದ ಬಂದವರಿಗೆ ಆ ರಿಯಾಯಿತಿ ಇಲ್ಲ. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯಾದರೆ ಸೀಲ್ ಮಾಡಿದ ಪಾರದರ್ಶಕ ಚೀಲವನ್ನು ಊರು ತಲುಪುವ ತನಕ ಬಿಚ್ಚಬೇಡಿ, ಬಿಲ್ ಒಳಗೇ ಇರಲಿ.

ಔಷಧಿಗೆ, ಮಗುವಿನ ಹಾಲಿಗೆ ಬಹುತೇಕ ಎಲ್ಲ ಕಡೆ ಈ ಮಿತಿಯಿಂದ ವಿನಾಯಿತಿ ಇದೆ. ಕೇಳಿದರೆ ತೋರಿಸಲು ಡಾಕ್ಟರ ಚೀಟಿ ಜೊತೆಗಿರಲಿ. ಬಾಟಲಿ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಗೆ ಇನ್ಸುಲಿನ್ ಅನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಆ ಬ್ಯಾಗು ತಪ್ಪಿಹೋದರೆ ಕಷ್ಟ, ವಿಮಾನದ ಹೊಟ್ಟೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟುವ ಸಾಧ್ಯತೆಯೂ ಇದೆ.

ಚಟ್ನಿಪುಡಿ, ಕೊಬ್ಬರಿ, ಪವರ್ ಬ್ಯಾಂಕ್

ಪುಡಿಗಳಿಗೂ ದೇಶಕ್ಕೊಂದು ಲೆಕ್ಕ. ಅಮೆರಿಕಕ್ಕೆ ಹೋಗುವಾಗ ಕ್ಯಾಬಿನ್ ಬ್ಯಾಗಿನಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ ಆಗಬಹುದು, ಏನೆಂದು ಗೊತ್ತಾಗದಿದ್ದರೆ ಬಿಸಾಡಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಆ ಮಿತಿ ಉಪ್ಪಿನಂಥ ಅಜೈವಿಕ ಪುಡಿಗೆ ಮಾತ್ರ. ಸಾರಿನ ಪುಡಿ, ಚಟ್ನಿಪುಡಿ ಚೆಕ್-ಇನ್‌ನಲ್ಲೇ ಹೋದರೆ ತಲೆನೋವಿಲ್ಲ.

ಒಣ ಕೊಬ್ಬರಿಯದ್ದು ಬೇರೆ ಕಥೆ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ತಾನಾಗಿಯೇ ಬಿಸಿಯೇರುವ ವಸ್ತುಗಳ ಪಟ್ಟಿಯಲ್ಲಿದೆ. ಹಾಗಾಗಿ ತಿಪಟೂರಿನ ಒಳ್ಳೆಯ ಕೊಬ್ಬರಿಯಾದರೂ ಚೆಕ್-ಇನ್ ಬ್ಯಾಗಿನಲ್ಲಿ ಸಿಕ್ಕರೆ ತೆಗೆಸುತ್ತಾರೆ. ಇಡೀ ತೆಂಗಿನಕಾಯಿ ಕ್ಯಾಬಿನ್‌ನಲ್ಲಿ ನಿಷಿದ್ಧವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೆ 2025ರ ಜನವರಿ 20ರ ತನಕ ಮಾತ್ರ ಅನುಮತಿ ಕೊಟ್ಟರು, ಅದೂ ಎಕ್ಸ್-ರೇ ಮತ್ತು ಸ್ಫೋಟಕ ಪತ್ತೆ ಪರೀಕ್ಷೆಯ ನಂತರ. ತೆಂಗಿನಕಾಯಿಗೆ ಅನುಮತಿ ಎಂಬ ಫಾರ್ವರ್ಡ್ ಬೇಸಿಗೆಯಲ್ಲಿ ಬಂದರೆ ಅದಕ್ಕೆ ಬೆಲೆಯಿಲ್ಲ.

ಎಲ್ಲ ದೇಶಗಳಲ್ಲೂ ಒಂದೇ ಆಗಿರುವ ನಿಯಮವೂ ಒಂದಿದೆ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿನಲ್ಲಿ ಇರಕೂಡದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಕಣ್ಣಿಗೆ ಬೀಳುತ್ತದೆ, ಆರಿಸಬಹುದು. ಕೆಳಗಿನ ಸರಕಿನ ಕೋಣೆಯಲ್ಲಿ ಕೈಗೆ ಸಿಗುವುದಿಲ್ಲ. 100 ವಾಟ್-ಅವರ್ ತನಕ, ಅಂದರೆ ಸುಮಾರು 27,000 ಎಂಎಎಚ್ ತನಕ, ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ. ಅಳತೆ ಅಳಿಸಿಹೋಗಿದ್ದರೆ ತೆಗೆದಿಟ್ಟುಕೊಳ್ಳಬಹುದು. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ಒಯ್ಯಲು ಬಿಡುತ್ತದೆ, ವಿಮಾನದಲ್ಲಿ ಬಳಸಲು ಬಿಡುವುದಿಲ್ಲ.

ಸ್ಕ್ಯಾನರ್‌ನಿಂದ ಕ್ಯಾನ್ಸರ್?

ಇದೂ ಆಗಾಗ ಬರುವ ಫಾರ್ವರ್ಡ್. ನಾವು ದಾಟಿಹೋಗುವ ಚೌಕಟ್ಟು ಕಾಂತಕ್ಷೇತ್ರದಿಂದ ಲೋಹ ಹುಡುಕುತ್ತದೆ, ಎಕ್ಸ್-ರೇ ಅಲ್ಲ. ಕೈ ಎತ್ತಿ ನಿಲ್ಲಿಸುವ ಬಾಡಿ ಸ್ಕ್ಯಾನರ್‌ಗಳು ಬಹುಪಾಲು ಮಿಲಿಮೀಟರ್ ತರಂಗದವು. ಇವು ರೇಡಿಯೋ ಅಲೆಗಳ ಜಾತಿ, ಜೀವಕೋಶದ ಡಿಎನ್ಎ ಮುರಿಯುವಷ್ಟು ಶಕ್ತಿ ಇವಕ್ಕಿಲ್ಲ. ಎಕ್ಸ್-ರೇ ಬಳಸುತ್ತಿದ್ದ ಬಾಡಿ ಸ್ಕ್ಯಾನರ್‌ಗಳನ್ನು ಅಮೆರಿಕದ ಏರ್‌ಪೋರ್ಟ್‌ಗಳಿಂದ 2013ರಲ್ಲೇ ತೆಗೆದರು. ಎಕ್ಸ್-ರೇ ಯಂತ್ರದಲ್ಲಿ ಹಾದುಬಂದ ತಿಂಡಿಯಲ್ಲಿ ವಿಕಿರಣ ಉಳಿಯುವುದಿಲ್ಲ, ಧಾರಾಳವಾಗಿ ತಿನ್ನಬಹುದು. ಪೇಸ್‌ಮೇಕರ್ ಇರುವವರು ಮಾತ್ರ ಕಾರ್ಡ್ ತೋರಿಸಿ ಮೊದಲೇ ಹೇಳಬೇಕು. ಚೌಕಟ್ಟಿನಲ್ಲಿ ನಿಲ್ಲದೆ ದಾಟಿ, ಕೈ ಡಿಟೆಕ್ಟರ್ ಅನ್ನು ಎದೆಯ ಮೇಲೆ ಹಿಡಿಯಬೇಡಿ, ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಬಹುದು.