ಅಪ್ರೆಂಟಿಸ್ ಮುಗೀತು, ಕೆಲಸ ಯಾರಿಗೆ?

(ಕಾಮರ್ಸ್ ಹಿಂದಿನ ಕಥೆ – ಭಾಗ 6. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.)

1️⃣ ಕಳೆದ ರಜೆಯಲ್ಲಿ ನಾನೂ ನನ್ನ ಕ್ಲಾಸ್‌ಮೇಟೂ ಒಂದೇ ಆಫೀಸಲ್ಲಿ ಇಂಟರ್ನ್ ಆಗಿದ್ವಿ. ಎರಡು ತಿಂಗಳು ಟ್ಯಾಲಿ, ಜಿಎಸ್‌ಟಿ ಬಿಲ್ ಎಂಟ್ರಿ. ಕೊನೇ ದಿನ ಅವಳಿಗೆ "ಡಿಗ್ರಿ ಮುಗಿಸಿ ಬಾಮ್ಮ, ಕೆಲಸ ಇದೆ" ಅಂದ್ರು. ನನಗೆ ಸರ್ಟಿಫಿಕೇಟು, ಒಂದು ಟೀ. ಮನೇಲಿ ಹೇಳಿದಾಗ, ಐಟಿಐ ಓದಿ ಅಪ್ರೆಂಟಿಸ್ ಆಗಿದ್ದ ಅಪ್ಪ ನಕ್ಕರು: "ನಮ್ಮ ಬ್ಯಾಚಲ್ಲೂ ಎಲ್ಲರನ್ನೂ ಎಲ್ಲಿ ತಗೊಂಡ್ರು?"

ಹಾಗಾದ್ರೆ ಇದನ್ನ ನಿರ್ಧಾರ ಮಾಡೋದು ಹೇಗೆ? ಹುಡುಕ್ತಾ ಹೋದೆ.

2️⃣ 1961. ಸಂಸತ್ತು ಅಪ್ರೆಂಟಿಸ್ ಕಾಯ್ದೆ ಮಾಡಿತು. ಅದರ 22ನೇ ಸೆಕ್ಷನ್ ನೇರವಾಗಿ ಹೇಳ್ತು: ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾಲೀಕರಿಗೆ ಕಡ್ಡಾಯ ಇಲ್ಲ, ಸೇರಲೇಬೇಕು ಅಂತ ಅಪ್ರೆಂಟಿಸ್‌ಗೂ ಇಲ್ಲ. ಒಂದೇ ವಿನಾಯಿತಿ. ತರಬೇತಿ ನಂತರ ಇಲ್ಲೇ ದುಡೀಬೇಕು ಅಂತ ಒಪ್ಪಂದದಲ್ಲೇ ಬರೆದಿದ್ರೆ, ಮಾಲೀಕರೂ ತಕ್ಕ ಕೆಲಸ ಕೊಡಬೇಕು.

3️⃣ 1995. ಉತ್ತರ ಪ್ರದೇಶದ ಸಾರಿಗೆ ನಿಗಮದಲ್ಲಿ ತರಬೇತಿ ಪಡೆದವರ ಕೇಸು ಸುಪ್ರೀಂ ಕೋರ್ಟಿಗೆ ಬಂತು. ತರಬೇತಿ ಪಡೆದ ಮಾತ್ರಕ್ಕೆ ಕೆಲಸದ ಹಕ್ಕು ಹುಟ್ಟಲ್ಲ ಅಂತು ಕೋರ್ಟು. ಆದ್ರೆ ಉಳಿದದ್ದೆಲ್ಲ ಸಮ ಇದ್ದಾಗ, ಹೊರಗಿಂದ ನೇರವಾಗಿ ಬಂದವರಿಗಿಂತ ತರಬೇತಿ ಪಡೆದವರಿಗೇ ಆದ್ಯತೆ ಕೊಡಿ ಅಂತಲೂ ಹೇಳ್ತು. ಅಪ್ರೆಂಟಿಸ್‌ಗಳ ನಡುವೆಯೇ ಪೈಪೋಟಿ ಬಂದ್ರೆ? ಮೊದಲು ತರಬೇತಿ ಮುಗಿಸಿದವರು ಸೀನಿಯರ್.

4️⃣ 2014. ಕಾಯ್ದೆಗೆ ದೊಡ್ಡ ತಿದ್ದುಪಡಿ. ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ, ಅಂದ್ರೆ ನಮ್ಮಂಥ ಬಿಕಾಂನವರಿಗೂ, ಬಾಗಿಲು ತೆರೀತು. 22ನೇ ಸೆಕ್ಷನ್ನೂ ಬದಲಾಯ್ತು: ತರಬೇತಿ ಮುಗಿಸಿದವರನ್ನ ನೇಮಿಸಿಕೊಳ್ಳೋದಕ್ಕೆ ಪ್ರತಿಯೊಬ್ಬ ಮಾಲೀಕರೂ ತಮ್ಮದೇ ಒಂದು ನೀತಿ ಮಾಡ್ಕೋಬೇಕು. ಕೆಲಸದ ಗ್ಯಾರಂಟಿ ಆಗಲೂ ಬರಲಿಲ್ಲ. ಆದ್ರೆ "ನಿಮ್ಮ ನೀತಿ ಏನು ಸಾರ್?" ಅಂತ ಕೇಳೋಕೆ ಒಂದು ಆಧಾರ ಸಿಕ್ತು.

5️⃣ ಗಮನಿಸಿ, ಇದೆಲ್ಲ ಕಾಯ್ದೆ ಪ್ರಕಾರ ಒಪ್ಪಂದ ಮಾಡ್ಕೊಂಡ ಅಪ್ರೆಂಟಿಸ್‌ಗಳಿಗೆ. ನಾವು ಕಾಲೇಜಿಂದ ಲೆಟರ್ ತಗೊಂಡು ಹೋಗೋ ಇಂಟರ್ನ್‌ಶಿಪ್‌ಗೆ ಈ ಕಾಯ್ದೆ ಅನ್ವಯಿಸಲ್ಲ. ಅಲ್ಲಿ ಆಫೀಸಿನವರದ್ದೇ ಲೆಕ್ಕಾಚಾರ.

ಆ ಲೆಕ್ಕ ನನಗೆ ಆಮೇಲೆ ಗೊತ್ತಾಯ್ತು. ಅವಳು ಕೂತಿದ್ದ ಸೆಕ್ಷನ್ನಲ್ಲಿ ಒಬ್ಬರು ಕೆಲಸ ಬಿಡೋರಿದ್ರು. ಅವರ ಕೆಲಸವನ್ನ ಅವಳು ಆಗ್ಲೇ ಕಲಿತಿದ್ದಳು. ನನ್ನ ಸೆಕ್ಷನ್ನಲ್ಲಿ ಖಾಲಿ ಜಾಗವೇ ಇರಲಿಲ್ಲ. ಎರಡು ತಿಂಗಳು ನನ್ನನ್ನೇ ನಾನು ಬೈಕೊಂಡಿದ್ದು ದಂಡ.

6️⃣ ಈ ಸಲ ಇಂಟರ್ನ್ ಆಗಿ ಹೋಗೋರು ಮೊದಲ ವಾರವೇ ಮೂರು ವಿಷಯ ಕೇಳಿ: ಇಲ್ಲಿ ಜಾಗ ಖಾಲಿ ಇದ್ಯಾ? ಯಾವ ಸೆಕ್ಷನ್ನಲ್ಲಿ? ನನ್ನ ಕೆಲಸದ ಬಗ್ಗೆ ಕೊನೆಗೆ ಅಭಿಪ್ರಾಯ ಬರೆಯೋದು ಯಾರು? ಕೇಳೋಕೆ ಮುಜುಗರ ಆಗುತ್ತೆ, ನಿಜ. ಕೊನೇ ದಿನದ ಟೀಗಿಂತ ಅದು ವಾಸಿ.

ಮುಂದಿನ ಭಾಗ: ಸ್ಟೈಪೆಂಡ್ ಕಥೆ. ನಿಮ್ಮ ಕ್ಲಾಸಿನ ಇಂಟರ್ನ್‌ಗಳನ್ನ ಟ್ಯಾಗ್ ಮಾಡ್ರಪ್ಪಾ 🙏

#ಬಿಕಾಂ #ಇಂಟರ್ನ್‌ಶಿಪ್ #ಕಾಮರ್ಸ್‌ಹಿಂದಿನಕಥೆ