ಅಕ್ಕೋರು ತಯಾರಾದ ಊರು

ಉತ್ತರ ಕರ್ನಾಟಕದ ಊರುಗಳಲ್ಲಿ ಶಾಲೆ ಕಲಿಸುವ ಹೆಣ್ಣುಮಗಳನ್ನು ‘ಅಕ್ಕೋರು’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಆಕೆ ‘ಬಾಯಿ’. ಎರಡೂ ಗೌರವದ ಮಾತುಗಳೇ. ಆದರೆ ಈ ಗೌರವ ತಾನಾಗಿ ಒದಗಿ ಬಂದದ್ದಲ್ಲ. ಹೆಣ್ಣು ಶಿಕ್ಷಕಿಯಾಗಲು ತರಬೇತಿ ಬೇಕಾಯಿತು; ಆ ತರಬೇತಿಗಾಗಿಯೇ ಹೋರಾಡಬೇಕಾಯಿತು. ಆ ಹೋರಾಟದ ಬಹುಪಾಲು ನಡೆದದ್ದು ನಾವೆಲ್ಲ ನೆಲೆ ಕಂಡಿರುವ ಇದೇ ಪುಣೆಯಲ್ಲಿ. ಅದರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಮಗಳೊಬ್ಬರ ಪಾಲೂ ಇದೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಬೇಕೆಂಬ ಆಸೆ ಹೊತ್ತ ನಮ್ಮ ಬಳಗದ ಹೆಣ್ಣುಮಕ್ಕಳು ಈ ಕಥೆಯನ್ನು ತಿಳಿದಿರಬೇಕು.

1831ರ ಜನವರಿ 3ರಂದು ಸಾತಾರಾ ಸೀಮೆಯ ನಾಯಗಾಂವ್‌ನಲ್ಲಿ ಹುಟ್ಟಿದ ಸಾವಿತ್ರಿಬಾಯಿ ಒಂಬತ್ತನೆಯ ವಯಸ್ಸಿಗೆ ಜೋತಿರಾವ್ ಫುಲೆಯವರ ಕೈಹಿಡಿದು ಪುಣೆಗೆ ಬಂದಾಗ ಅಕ್ಷರ ಬಲ್ಲವರಾಗಿರಲಿಲ್ಲ. ಗಂಡನೇ ಓದು ಬರಹ ಕಲಿಸಿದರು. ಆದರೆ ತಾನು ಓದುವುದು ಬೇರೆ, ಇನ್ನೊಬ್ಬರಿಗೆ ಕಲಿಸುವುದು ಬೇರೆ. ಇದನ್ನು ಅರಿತ ದಂಪತಿ ತರಬೇತಿಯ ದಾರಿ ಹುಡುಕಿದರು. ಸಾವಿತ್ರಿಬಾಯಿ ಅಹಮದ್‌ನಗರದಲ್ಲಿ ಅಮೆರಿಕನ್ ಮಿಶನರಿ ಫರಾರ್ ಬಾಯಿಯವರ ಬಳಿಯೂ ಪುಣೆಯಲ್ಲಿ ಮಿಚೆಲ್ ಬಾಯಿಯವರ ನಾರ್ಮಲ್ ಶಾಲೆಯಲ್ಲಿಯೂ ಕಲಿತರು. ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆ ಆಗ ನಾರ್ಮಲ್ ಶಾಲೆ ಎಂಬ ಹೆಸರಿತ್ತು.

1848ರಲ್ಲಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸೆಗಣಿ, ಕೆಸರು ಎರಚುತ್ತಿದ್ದರೆಂದೂ, ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೇ ಒಯ್ಯುತ್ತಿದ್ದರೆಂದೂ ಹೇಳುತ್ತಾರೆ. 1849ರಲ್ಲಿ ದಂಪತಿ ಮಾವನ ಮನೆಯನ್ನೇ ಬಿಡಬೇಕಾಯಿತು. ಆಶ್ರಯ ಕೊಟ್ಟವರು ಉಸ್ಮಾನ್ ಶೇಖ್. ಸಾವಿತ್ರಿಬಾಯಿ 1856ರಲ್ಲಿ ಗಂಡನಿಗೆ ಬರೆದ ಪತ್ರದಲ್ಲಿ ಫಾತಿಮಾ ಎಂಬ ಹೆಸರು ಬರುತ್ತದೆ. ತಾನಿಲ್ಲದಾಗ ಕೆಲಸದ ಹೊರೆಯೆಲ್ಲ ಆಕೆಯ ಮೇಲೆ ಬಿದ್ದಿರಬೇಕೆಂಬ ಕಾಳಜಿ ಆ ಪತ್ರದಲ್ಲಿದೆ. ಶಿಕ್ಷಕಿಗೆ ಜೊತೆಗಾತಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಲಿಸಿದ್ದು ಫಲ ಕೊಟ್ಟಿತೇ? ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮಾಂಗ ಸಮುದಾಯದ ಹುಡುಗಿ ಮುಕ್ತಾಬಾಯಿ ತನ್ನವರ ಸಂಕಟವನ್ನು ಕುರಿತು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಹುಡುಗಿ ಅಕ್ಷರದ ಜೊತೆಗೆ ಪ್ರಶ್ನೆ ಕೇಳುವುದನ್ನೂ ಕಲಿತಿದ್ದಳು.

ಆದರೆ ಒಬ್ಬಿಬ್ಬರ ಛಲದಿಂದ ನಾಡಿಗೆಲ್ಲ ಶಿಕ್ಷಕಿಯರು ಸಿಗುವುದಿಲ್ಲ. 1866ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಮೇರಿ ಕಾರ್ಪೆಂಟರ್, ಹೆಣ್ಣುಮಕ್ಕಳ ಶಾಲೆ ಬೆಳೆಯಬೇಕಾದರೆ ಮೊದಲು ಶಿಕ್ಷಕಿಯರ ತರಬೇತಿ ಶಾಲೆ ಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. 1870ರಲ್ಲಿ ಪುಣೆಯಲ್ಲಿ ಮಹಿಳೆಯರ ಟ್ರೇನಿಂಗ್ ಕಾಲೇಜು ಶುರುವಾಯಿತು. ಕಟ್ಟಡಕ್ಕಿಂತ ಕಷ್ಟವಾದದ್ದು ವಿದ್ಯಾರ್ಥಿನಿಯರನ್ನು ಹುಡುಕುವುದು. ಬಾಲ್ಯದಲ್ಲೇ ಮದುವೆಯಾಗುವ ಕಾಲ. ಸೊಸೆಯನ್ನು ಹೊರಗೆ ಕಳಿಸುವವರಾರು? ಹೀಗಾಗಿ ಮುಖ್ಯವಾಗಿ ಮುಂದೆ ಬಂದವರು ವಿಧವೆಯರು ಮತ್ತು ಶಾಲಾ ಮಾಸ್ತರರ ಹೆಂಡಂದಿರು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಇದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡದ ನಾರ್ಮಲ್ ಶಾಲೆಯ ಹೊಣೆ ಹೊತ್ತು ಕನ್ನಡ ಶಾಲೆಗಳಿಗೆ ಜೀವ ತುಂಬಿದ ಡೆಪ್ಯುಟಿ ಚನ್ನಬಸಪ್ಪನವರು ಓದಿದ್ದು ಪುಣೆಯಲ್ಲೇ.

1882ರಲ್ಲಿ ಶಿಕ್ಷಣದ ಸ್ಥಿತಿಗತಿ ವಿಚಾರಿಸಲು ಹಂಟರ್ ಆಯೋಗ ಪುಣೆಗೆ ಬಂದಾಗ ಅದರ ಮುಂದೆ ಮಾತಾಡಿದವರಲ್ಲಿ ಒಬ್ಬರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರವರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದವರು. ಆ ತಾಯಿಯೇ ಮಗಳಿಗೆ ಮೊದಲ ಗುರು. ಆಯೋಗದ ಮುಂದೆ ನಿಂತಾಗ ರಮಾಬಾಯಿಗೆ ಇಪ್ಪತ್ತನಾಲ್ಕು ವರ್ಷ. ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದರು, ಕಂಕುಳಲ್ಲಿ ಪುಟ್ಟ ಮಗಳು.

ಅವರು ಮರಾಠಿಯಲ್ಲಿ ಹೇಳಿದ ಮಾತುಗಳ ಸಾರ ಇಷ್ಟು: ಶಿಕ್ಷಕಿಯಾಗುವವಳು ಮೊದಲು ತನ್ನ ಭಾಷೆಯನ್ನು ಚೆನ್ನಾಗಿ ಕಲಿಯಲಿ. ತರಬೇತಿಗೆ ಬರುವವಳಿಗೆ ವಿದ್ಯಾರ್ಥಿವೇತನ ಸಿಗಲಿ. ಕಾಲೇಜಿನ ಆವರಣದಲ್ಲೇ ವಾಸಕ್ಕೆ ಅನುಕೂಲವಿರಲಿ, ನೋಡಿಕೊಳ್ಳಲು ಈ ನಾಡಿನ ಹಿರಿಯ ಹೆಂಗಸೊಬ್ಬರಿರಲಿ. ಹೆಣ್ಣುಮಕ್ಕಳ ಶಾಲೆಗೆ ಹೆಣ್ಣೇ ಇನ್‌ಸ್ಪೆಕ್ಟರ್ ಆಗಿ ಬರಲಿ. ಎಲ್ಲಕ್ಕಿಂತ ದಿಟ್ಟ ಮಾತೆಂದರೆ, ಹುಡುಗಿಯರಿಗೆ ಕಲಿಸುವವರ ಸಂಬಳ ಹುಡುಗರಿಗೆ ಕಲಿಸುವವರದಕ್ಕಿಂತ ಹೆಚ್ಚಿರಲಿ! ಅದೇ ಆಯೋಗಕ್ಕೆ ಜೋತಿರಾವ್ ಫುಲೆ ಕೊಟ್ಟ ಹೇಳಿಕೆಯಲ್ಲೂ ಸಂಬಳದ ಮಾತಿದೆ: ಪ್ರಾಥಮಿಕ ಶಿಕ್ಷಕರು ತರಬೇತಿ ಪಡೆದವರೇ ಆಗಬೇಕು, ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಕೊಡಬಾರದು. ತರಬೇತಿಯನ್ನೂ ಜೀವನೋಪಾಯವನ್ನೂ ಬೇರೆ ಬೇರೆ ಮಾಡಿ ನೋಡಲಾಗದು ಎಂಬುದನ್ನು ಇಬ್ಬರೂ ಕಂಡಿದ್ದರು.

ಮುಂದೆ ಅಮೆರಿಕಕ್ಕೆ ಹೋದ ರಮಾಬಾಯಿ ಫ್ರೋಬೆಲ್‌ರ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಕಲಿತು ಬಂದರು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರು ಅಲ್ಲಿ ಓದಿ ಸ್ವಂತ ಕಾಲ ಮೇಲೆ ನಿಂತರು. ಕೊನೆಗಾಲದಲ್ಲಿ ಅವರು ಕಲಬುರಗಿಯಲ್ಲೂ ಶಾಲೆ ತೆರೆದರು, ಮಗಳು ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದರು. ಹೀಗೆ ಕನ್ನಡ ನೆಲದಿಂದ ಹೊರಟ ವಿದ್ಯೆ ಪುಣೆಯ ಮೂಲಕ ಮತ್ತೆ ಕನ್ನಡ ನೆಲಕ್ಕೆ ಬಂತು. 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳತ್ವದಲ್ಲಿ ಶುರುವಾದ ಪುಣೆಯ ಸೇವಾ ಸದನವೂ ಶಿಕ್ಷಕಿಯರ ತರಬೇತಿಯನ್ನು ಕೈಗೆತ್ತಿಕೊಂಡಿತು.

ಇಂದು ಸೆಗಣಿ ಎರಚುವವರಿಲ್ಲ. ಆದರೆ ದಾರಿ ಸಲೀಸಾಗಿದೆ ಎಂದೂ ಅಲ್ಲ. ಹನ್ನೆರಡನೆಯ ತರಗತಿಯ ನಂತರ ಎರಡು ವರ್ಷದ ಡಿ.ಎಲ್.ಎಡ್., ಆಮೇಲೆ ಅರ್ಹತಾ ಪರೀಕ್ಷೆ ಟಿಇಟಿ. ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಸಾಲದೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ; ಸೇರುವ ಮೊದಲು ಇದನ್ನು ಗಮನಿಸಿ. ತರಬೇತಿಯಲ್ಲಿ ಓದುವುದಕ್ಕಿಂತ ಬರೆಯುವುದು, ಬರೆಯುವುದಕ್ಕಿಂತ ಮಕ್ಕಳ ಮುಂದೆ ನಿಲ್ಲುವುದು ಹೆಚ್ಚು. ಪ್ರತಿ ಪಾಠಕ್ಕೂ ಟಿಪ್ಪಣಿ ತಯಾರಾಗಬೇಕು, ಚಿತ್ರಪಟ, ಮಿಂಚುಪಟ್ಟಿಗಳನ್ನು ಕೈಯಾರೆ ಮಾಡಬೇಕು. ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತ ಮಾರ್ಗದರ್ಶಕರು ತಪ್ಪು ಒಪ್ಪು ಬರೆದುಕೊಳ್ಳುತ್ತಿರುತ್ತಾರೆ. ನಲವತ್ತು ಮಕ್ಕಳ ಮುಂದೆ ದನಿ ನಡುಗುವುದು ಸಹಜ, ಹತ್ತು ಪಾಠಗಳಾದ ಮೇಲೆ ಅದು ನಿಲ್ಲುತ್ತದೆ.

ಮಹಾರಾಷ್ಟ್ರದಲ್ಲಿ ಆಯ್ಕೆಯಾದವರು ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರು. ಪ್ರಾಥಮಿಕ ಹಂತದಲ್ಲಿ ತಿಂಗಳಿಗೆ 6,000 ರೂಪಾಯಿ ಇದ್ದ ಗೌರವಧನ 16,000ಕ್ಕೆ ಏರಿದ್ದು 2023ರಲ್ಲಿ. ರಮಾಬಾಯಿ ಎತ್ತಿದ ಸಂಬಳದ ಪ್ರಶ್ನೆ ಇನ್ನೂ ಮುಗಿದಿಲ್ಲ.

ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಕನ್ನಡ, ಮರಾಠಿ ಎರಡನ್ನೂ ಬಲ್ಲ ನಮ್ಮ ಹುಡುಗಿಯರಿಗೆ ಅಲ್ಲಿ ಮಾಡಲು ಕೆಲಸವಿದೆ. ತರಬೇತಿ ಸೇರಹೊರಟ ಮಗಳಿಗೆ ಮನೆಯವರು ‘ಹೆಂಗಸರಿಗೆ ಇದೇ ಅನುಕೂಲದ ನೌಕರಿ, ಅರ್ಧ ದಿನ ಮನೆಯಲ್ಲೇ ಇರಬಹುದು’ ಎಂದು ಹೇಳುವುದುಂಟು. ಹಾಗೆಂದು ಕಳಿಸಬೇಡಿ. ಭಾಷೆ ಗಟ್ಟಿ ಮಾಡಿಕೊ, ಉಳಿಯುವ ಜಾಗ ವಿಚಾರಿಸು, ಸಂಬಳ ಎಷ್ಟೆಂದು ಅಂಜದೆ ಕೇಳು ಎಂದು ಹೇಳಿ ಕಳಿಸಿ. ಗಂಗಾಮೂಲದ ಮಗಳು 1882ರಲ್ಲಿ ಕೇಳಿದ್ದೂ ಇವನ್ನೇ.